ಚಿಪ್ಸ್ ಪೊಟ್ಟಣದ ಮೀನು

ಅಧ್ಯಕ್ಷರಿಗೆ ಬೇಕಾಗಿದ್ದದ್ದು ಹಂಸ.

ನಾಗಮಂಗಲದಿಂದ ಬಿಂಡಿಗನವಿಲೆ ಕಡೆಗೆ ಹೋಗುವಾಗ ರಸ್ತೆಯ ಪಕ್ಕದಲ್ಲೇ ಒಂದು ಕೆರೆ ಸಿಗುತ್ತದೆ. ಆ ಕೆರೆಯನ್ನು ಉಳಿಸಲೆಂದು ಒಂದು ಸಮಿತಿ ಇದೆ. ಅದರ ಅಧ್ಯಕ್ಷರು ನಿವೃತ್ತ ಉಪನ್ಯಾಸಕರು; ಮನೆ ಮೈಸೂರಿನಲ್ಲಿ, ಭಾಷಣ ನಾಗಮಂಗಲದಲ್ಲಿ. ಅವರು ಪಾಂಡವಪುರದ ನನ್ನ ಶೆಡ್ಡಿನ ಮುಂದೆ ಕಾರಿನಿಂದ ಇಳಿದಾಗ ನಾನು ಶ್ರೀರಂಗಪಟ್ಟಣದ ಕಲ್ಯಾಣ ಮಂಟಪವೊಂದಕ್ಕೆ ಮಾಡಿದ್ದ ಫೈಬರ್ ಆನೆಯ ಬೆನ್ನನ್ನು ಮರಳು ಕಾಗದದಿಂದ ಉಜ್ಜುತ್ತಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ತಲೆ ತುಂಬ ಬಿಳಿ ಪುಡಿ. ಕಲಾವಿದೆ ಎಲ್ಲಿದ್ದಾರೆ ಎಂದು ನನ್ನನ್ನೇ ಕೇಳಿದರು. ನಾನೇ ಎಂದೆ. ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಜನ ಎಸೆದ ಪ್ಲಾಸ್ಟಿಕ್ಕಿನಿಂದಲೇ ಒಂದು ದೊಡ್ಡ ಆಕೃತಿ ಮಾಡಿ ಕೆರೆ ಏರಿಯ ಮೇಲೆ ನಿಲ್ಲಿಸಬೇಕು, ಅದನ್ನು ನೋಡಿದವರಿಗೆ ಜಾಗೃತಿ ಉಂಟಾಗಬೇಕು ಎಂದರು. ಫೋನಿನಲ್ಲಿ ಯಾವುದೋ ದೇಶದ ಸಮುದ್ರ ತೀರದಲ್ಲಿ ನಿಲ್ಲಿಸಿದ ತಿಮಿಂಗಿಲದ ಚಿತ್ರ ತೋರಿಸಿದರು. ನಮಗೆ ತಿಮಿಂಗಿಲ ಬೇಡ, ನಮ್ಮ ನೆಲದ್ದೇ ಆಗಲಿ, ಹೊಸಹೊಳಲು ಗುಡಿಯ ಗೋಡೆಯಲ್ಲಿ ಹಂಸಗಳ ಸಾಲು ಇದೆಯಲ್ಲ, ಅಂಥದ್ದು ಎಂದರು. ಆ ಹಂಸಗಳನ್ನು ಕೆತ್ತಿದ ಶಿಲ್ಪಿಯೇ ಹಂಸವನ್ನು ನೋಡಿದ್ದನೋ ಇಲ್ಲವೋ. ನಿಮ್ಮ ಕೆರೆಯಲ್ಲಿ ಇರುವುದು ನೀರುಕಾಗೆ, ಕರಿ ಕವರುಗಳಿಗೆ ಬರವಿಲ್ಲ, ನೀರುಕಾಗೆಯನ್ನೇ ಮಾಡುತ್ತೇನೆ ಎಂದೆ. ಅವರ ಮುಖ ಹುಳ್ಳಗಾಯಿತು.

"ಕಾಗೆ ಬೇಡ ಮೇಡಂ. ಉದ್ಘಾಟನೆಗೆ ದೊಡ್ಡೋರು ಬರ್ತಾರೆ."

ದೊಡ್ಡವರಿಗೂ ಕಾಗೆಗೂ ಏನು ಹಗೆಯೋ ನಾನು ಕೇಳಲಿಲ್ಲ. ಎಳೆದಾಡಿ ಎಳೆದಾಡಿ ಕೊನೆಗೆ ಮೀನಿಗೆ ಬಂದು ನಿಂತೆವು.

ಇಂಥ ಕಲೆಯ ಬಗ್ಗೆ ನನಗೆ ಆಗಲೇ ತಾತ್ಸಾರವಿತ್ತು. ಶಾಲೆಗಳ ವಸ್ತುಪ್ರದರ್ಶನದಲ್ಲಿ ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ಬಣ್ಣ ಬಳಿದು, ಹೂಕುಂಡ ಎಂದು ಇಡುತ್ತಾರೆ. ತೀರ್ಪುಗಾರ್ತಿಯಾಗಿ ಹೋಗಿ ಬಹುಮಾನ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ಅದೇ ಕುಂಡ ಶಾಲೆಯ ಹಿಂದಿನ ಚರಂಡಿಯಲ್ಲಿರುತ್ತದೆ; ಮೊದಲು ಬರೀ ಬಾಟಲಿಯಾಗಿದ್ದದ್ದು ಈಗ ಬಣ್ಣ ಬಳಿದ ಬಾಟಲಿಯಾಗಿರುತ್ತದೆ, ಅಷ್ಟೆ. ಆದರೂ ಒಪ್ಪಿಕೊಂಡೆ. ಆನೆ, ದ್ವಾರಪಾಲಕಿ, ಕೈಮುಗಿದು ನಿಂತ ಹೆಣ್ಣು, ಇವನ್ನೇ ಅಚ್ಚಿನಿಂದ ಎತ್ತಿ ಎತ್ತಿ ನನಗೆ ಸಾಕಾಗಿತ್ತು. ಬಯಲಿನಲ್ಲಿ ನಿಲ್ಲುವ, ದಾರಿಯಲ್ಲಿ ಹೋಗುವವರು ತಿರುಗಿ ನೋಡುವ ಒಂದು ಆಕೃತಿ ನನ್ನದೂ ಇರಲಿ ಅನ್ನಿಸಿತು. ಉಳಿದವರು ಮಾಡುವ ಹಾಗೆ ನಾನು ಮಾಡುವುದಿಲ್ಲ ಎಂಬ ಜಂಬವೂ ಇತ್ತು.

ಆ ಜಂಬದಲ್ಲೇ ನಾಗಮಂಗಲದ ಗುಜರಿ ಅಂಗಡಿಗೆ ಹೋದೆ. ಅಂಗಡಿಯವರು ಐವತ್ತು ದಾಟಿದ ಸಾಹೇಬರು, ಬಾಯಲ್ಲಿ ಸದಾ ಎಲೆ ಅಡಿಕೆ. ಯಾವ ಪ್ಲಾಸ್ಟಿಕ್ ಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಕೇಳಿದೆ. ಬಾಟಲಿ, ಹಾಲಿನ ಕವರು, ಒಡೆದ ಬಕೆಟ್ಟು, ಕುರ್ಚಿ ಎಲ್ಲಕ್ಕೂ ಗಿರಾಕಿ ಇದ್ದಾರೆ ಎಂದರು. ಮೂಲೆಯಲ್ಲಿ ಗಾಳಿಗೆ ಹೊರಳಾಡುತ್ತಿದ್ದ ಚಿಪ್ಸ್ ಪೊಟ್ಟಣ, ಶಾಂಪೂ ಚೀಟು, ಗುಟ್ಕಾ ಚೀಟುಗಳ ರಾಶಿಯನ್ನು ಕಾಲಿನಿಂದ ತಳ್ಳಿ ತೋರಿಸಿದರು.

"ಇದು ಬೇಕಾರ್ ಮಾಲು ಆಪಾ. ಒಳಗೆ ಬೆಳ್ಳಿ, ಹೊರಗೆ ಬಣ್ಣ, ನಡುವೆ ಏನೇನೋ. ಕರಗ್ಸಕ್ಕೆ ಬರಲ್ಲ. ಯಾವನೂ ಮುಟ್ಟಲ್ಲ."

ಯಾರೂ ಮುಟ್ಟದಿದ್ದುದೇ ನನಗೆ ಬೇಕಿತ್ತು. ಬಾಟಲಿಗಳಿಂದ ಮೀನು ಮಾಡಿದರೆ ಗುಜರಿಗೆ ಹೋಗಿ ಇನ್ನೊಂದು ಬಾಟಲಿಯೋ ದಾರವೋ ಆಗಬಹುದಾದ ಮಾಲನ್ನು ಕಿತ್ತುಕೊಂಡಂತೆ. ಚಿಪ್ಸ್ ಪೊಟ್ಟಣವನ್ನು ಸೀಳಿ ಒಳಮೈಯನ್ನು ಹೊರಕ್ಕೆ ತಿರುಗಿಸಿದೆ. ಅಂಗಡಿಯ ಕತ್ತಲಲ್ಲೂ ಅದು ಹೊಸ ಬೆಳ್ಳಿಯ ಹಾಗೆ ಹೊಳೆಯಿತು. ಮೀನಿನ ಹುರುಪೆಗೆ ಅದಕ್ಕಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿರಲಿಲ್ಲ. ಸಾಹೇಬರು ರಾಶಿಯನ್ನೆಲ್ಲ ಬಿಟ್ಟಿಯಾಗಿ ತುಂಬಿಕೊಟ್ಟರು. ಬೆಳ್ಳೂರು ಕ್ರಾಸಿನ ಹೋಟೆಲುಗಳ ಹಿಂದೆ, ಬಸ್ಸು ನಿಲ್ಲುವ ಕಡೆ ನಾನೇ ಚೀಲ ಹಿಡಿದು ಆರಿಸಿದೆ. ಕಾರುಗಳಲ್ಲಿ ಬಂದವರು ಕಿಟಕಿ ಇಳಿಸಿ ನನ್ನ ಕಾಲ ಬುಡಕ್ಕೇ ಪೊಟ್ಟಣ ಎಸೆದು ಕಿಟಕಿ ಏರಿಸುತ್ತಿದ್ದರು. ಒಬ್ಬರಾದರೂ ಚೀಲದೊಳಕ್ಕೆ ಹಾಕಲಿಲ್ಲ.

ಅಷ್ಟರಿಂದ ಮೀನಿನ ಒಂದು ಮಗ್ಗುಲೂ ತುಂಬುವಂತಿರಲಿಲ್ಲ. ಹೀಗೆಂದು ಅಧ್ಯಕ್ಷರಿಗೆ ಹೇಳಿದ್ದು ನನ್ನ ತಪ್ಪು. ಅವರು ಕೂಡಲೇ ಒಂದು ಶಾಲೆಯಲ್ಲಿ ಅಭಿಯಾನ ನಡೆಸಿದರು. ಪ್ರತಿ ಮಗುವೂ ಪೊಟ್ಟಣಗಳನ್ನು ತರಬೇಕು, ಹೆಚ್ಚು ತಂದವರಿಗೆ ಪದಕ. ಚೀಲಗಳು ನನ್ನ ಶೆಡ್ಡಿಗೆ ಬಂದವು. ಬಿಚ್ಚಿ ನೋಡಿದರೆ ಒಂದರಲ್ಲೂ ಮಣ್ಣಿಲ್ಲ, ಸುಕ್ಕಿಲ್ಲ. ಒಳಗೆ ಕೈ ಹಾಕಿದರೆ ಬೆರಳಿಗೆ ಹೊಸ ಮಸಾಲೆ. ಶಾಲೆಗೆ ಹೋಗಿ ವಿಚಾರಿಸಿದೆ. ಮಕ್ಕಳು ಅಪ್ಪ ಅಮ್ಮನನ್ನು ಕಾಡಿ ಚಿಪ್ಸ್ ಕೊಂಡು, ತಿಂದು, ಪೊಟ್ಟಣ ತಂದುಕೊಟ್ಟಿದ್ದರು. ಪದಕ ಗೆದ್ದ ಹುಡುಗಿ ಹೊಟ್ಟೆ ಕೆಟ್ಟು ರಜೆ ಹಾಕಿದ್ದಳು. ಶಾಲೆಯ ಎದುರಿನ ಅಂಗಡಿಯವನು ಮೇಡಂ ಇಂಥ ಕಾರ್ಯಕ್ರಮ ವರ್ಷಕ್ಕೊಂದಾದರೂ ಇರಬೇಕು ಎಂದು ಬಹಳ ಭಕ್ತಿಯಿಂದ ನನಗೆ ಕೈಮುಗಿದ. ಅಧ್ಯಕ್ಷರಿಗೆ ಇದನ್ನು ಹೇಳಿದಾಗ ಅವರು, ಏನೇ ಆಗಲಿ ಮಕ್ಕಳಲ್ಲಿ ಅರಿವು ಮೂಡಿತಲ್ಲ ಎಂದರು.

ಆ ಹೊಸ ಪೊಟ್ಟಣಗಳನ್ನು ವಾಪಸು ಕಳಿಸಲು ಜಾಗವಿರಲಿಲ್ಲ. ಬಳಸಿಕೊಂಡೆ.

ಕೆಲಸ ಶುರುವಾಯಿತು. ಕೆ.ಆರ್. ಪೇಟೆ ಕಡೆಯ ಒಬ್ಬ ವೆಲ್ಡರು ನನ್ನ ಜೊತೆ ಹಲವು ವರ್ಷದಿಂದ ಇದ್ದಾನೆ. ನೆಲದ ಮೇಲೆ ಸುಣ್ಣದಲ್ಲಿ ನಾನು ಬರೆದ ಮೀನಿನ ಗೆರೆಯನ್ನೇ ಹಿಡಿದು ಅವನು ಕಬ್ಬಿಣದ ಸರಳು ಬಗ್ಗಿಸಿ ಬೆನ್ನುಮೂಳೆ ಮಾಡಿದ. ಅದಕ್ಕೆ ಸಣ್ಣ ಸರಳಿನ ಬಳೆಗಳನ್ನು ಪಕ್ಕೆಲುಬಿನಂತೆ ಬೆಸೆದ. ಮೇಲೆ ಕೋಳಿ ಜಾಲರಿ ಹೊದಿಸಿ ತಂತಿಯಿಂದ ಬಿಗಿದೆವು. ಹೊಟ್ಟೆಯೊಳಗೆ ಒಬ್ಬಳು ಕುಳಿತು ಕೆಲಸ ಮಾಡುವಷ್ಟು ಜಾಗವಿತ್ತು. ಒಳಗಿನ ಗಂಟುಗಳನ್ನೆಲ್ಲ ನಾನು ಅಲ್ಲಿ ಕೂತೇ ಹಾಕಿದ್ದು.

ಪೊಟ್ಟಣ ತೊಳೆಯುವುದು ಅತ್ಯಂತ ಹೇಸಿಗೆಯ ಕೆಲಸ. ಎಣ್ಣೆ ಬಿಡುವುದಿಲ್ಲ. ಸೋಪಿನ ನೀರಿನಲ್ಲಿ ನೆನೆಸಿ, ಉಜ್ಜಿ, ಹಗ್ಗದ ಮೇಲೆ ಒಣಗಿಸಿದರೂ ಇರುವೆ ಬರುತ್ತವೆ. ತೊಳೆದ ನೀರನ್ನು ಎಲ್ಲಿ ಚೆಲ್ಲಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶೆಡ್ಡಿನ ಹಿಂದಿನ ಚರಂಡಿಗೆ ಚೆಲ್ಲಿದೆ. ಒಣಗಿದ ಪೊಟ್ಟಣವನ್ನು ಬೆಳ್ಳಿ ಮೈ ಹೊರಕ್ಕೆ ಬರುವಂತೆ ನಾಲ್ಕು ಮಡಿಕೆ ಮಾಡಿ, ತುದಿಯನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿದರೆ ಒಂದು ಹುರುಪೆ. ಅದನ್ನು ಗಾಳದ ದಾರದಿಂದ ಜಾಲರಿಗೆ ಹೊಲಿಯಬೇಕು. ಬಾಲದಿಂದ ಶುರುಮಾಡಿ ತಲೆಯ ಕಡೆಗೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಅರ್ಧ ಕೂರುವ ಹಾಗೆ. ಮೊದಲು ತಲೆಯಿಂದ ಶುರುಮಾಡಿ ಕೆಟ್ಟೆ. ಗಾಳಿ ಹುರುಪೆಗಳ ಕೆಳಗೆ ನುಗ್ಗಿ ಎಲ್ಲವನ್ನೂ ನಿಮಿರಿಸಿತು. ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿದೆ.

ರೆಕ್ಕೆಗೂ ಬಾಲಕ್ಕೂ ಅಂಚು ಬೇಕಿತ್ತು. ಅದಕ್ಕೆ ಕರಿ ಕವರು, ಹಳದಿ ಪೊಟ್ಟಣ, ಗುಟ್ಕಾ ಚೀಟು ಇವುಗಳನ್ನು ಉದ್ದಕ್ಕೆ ಸೀಳಿ ಮೂರೆಳೆಯ ಜಡೆ ಹೆಣೆದೆ. ಜಡೆಯ ತುದಿ ಬಿಚ್ಚಿಕೊಳ್ಳದಂತೆ ಒಂದು ಎಳೆಯನ್ನು ಹಿಂದಕ್ಕೆ ತಿರುಗಿಸಿ ಹೆಣಿಗೆಯೊಳಗೆ ತೂರಿಸಿ ಬಿಗಿಯುವುದು ನನ್ನದೇ ಒಂದು ರೂಢಿ. ವೆಲ್ಡರು ಅದನ್ನು ಕಲಿಯಲು ನೋಡಿ, ಇದು ನನ್ನ ಕೈಲಿ ಆಗಲ್ಲ ಎಂದು ಬಿಟ್ಟಿದ್ದ.

ಮೀನನ್ನು ಎರಡು ತುಂಡಾಗಿ ಗೂಡ್ಸ್ ಗಾಡಿಯಲ್ಲಿ ಒಯ್ದು ಏರಿಯ ಮೇಲೆ ಕಾಂಕ್ರೀಟ್ ಕಟ್ಟೆಯಿಂದ ಎದ್ದ ಸರಳುಗಳಿಗೆ ಬೆಸೆದೆವು. ಬೆಳಗಿನ ಬಿಸಿಲು ಬಿದ್ದಾಗ ರಸ್ತೆಯಲ್ಲಿ ಬರುವವರ ಕಣ್ಣು ಕೋರೈಸುವಂತೆ ಹೊಳೆಯಿತು. ಸುಳ್ಳು ಹೇಳಬಾರದು, ನೋಡಿ ನನ್ನ ಎದೆ ಉಬ್ಬಿತು. ಉದ್ಘಾಟನೆ ಹೇಗೆ ನಡೆಯಿತು ಎಂದು ವಿವರಿಸುವ ಅಗತ್ಯವಿಲ್ಲ. ಅಂಥ ಒಂದು ಸಮಾರಂಭಕ್ಕಾದರೂ ಹೋದವರು ಫ್ಲೆಕ್ಸು, ಪುಟ್ಟ ನೀರಿನ ಬಾಟಲಿ, ಹೊಳೆಯುವ ಹಾಳೆ ಸುತ್ತಿದ ಹೂಗುಚ್ಛ ಎಲ್ಲವನ್ನೂ ತಾವೇ ಊಹಿಸಿಕೊಳ್ಳಬಲ್ಲರು. ದೊಡ್ಡವರು ಬಂದರು, ಮೀನನ್ನು ಹಂಸ ಎಂದು ಕರೆದು ಮಾತಾಡಿದರು. ಮೊದಲಿನ ಯೋಜನೆಯ ಭಾಷಣವನ್ನು ಯಾರೂ ತಿದ್ದಿರಲಿಲ್ಲ.

ಆಮೇಲೆ ಕೆಲವು ತಿಂಗಳು ನನಗೆ ಒಳ್ಳೆಯ ಕಾಲ. ಬಸ್ಸಿನವರು ಅಲ್ಲಿ ನಿಧಾನ ಮಾಡುತ್ತಿದ್ದರಂತೆ. ಮದುವೆಗೆ ಮುಂಚೆ ಫೋಟೋ ತೆಗೆಸುವ ಜೋಡಿಗಳು ಬರುತ್ತಿದ್ದವು. ಅಲ್ಲಿ ನಿಂತು ಚಿಪ್ಸ್ ತಿಂದು ಪೊಟ್ಟಣವನ್ನು ಮೀನಿನ ಬಾಯಿಗೆ ತುರುಕುತ್ತಿದ್ದರು. ಅಧ್ಯಕ್ಷರು ಅದನ್ನು ಜನರ ಭಾಗವಹಿಸುವಿಕೆ ಎಂದು ಬಣ್ಣಿಸಿದರು. ಬೆಂಗಳೂರಿನಲ್ಲಿ ಕೊಡುವ ಒಂದು ಪರಿಸರ ಪ್ರಶಸ್ತಿಗೆ ಮೀನಿನ ಹೆಸರು ಕಳಿಸಿದ್ದೇನೆ, ನೋಡಲು ತಂಡ ಬರುತ್ತದೆ, ಪ್ರಶಸ್ತಿಯಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂದರು. ನಾನು ತಂಡ ಬರುವುದನ್ನೇ ಕಾಯುತ್ತಿದ್ದೆ.

ಬೇಸಿಗೆ ಬಂತು. ನಾಗಮಂಗಲಕ್ಕೆ ಬೇರೆ ಕೆಲಸಕ್ಕೆ ಹೋದವಳು ಮೀನು ನೋಡಿ ಬರೋಣ ಎಂದು ಹೋದೆ. ದೂರದಿಂದಲೇ ಏನೋ ಸರಿಯಿಲ್ಲ ಅನ್ನಿಸಿತು. ಹೊಳಪು ಹೋಗಿತ್ತು, ಬಾಲದ ಅಂಚಿನ ಜಡೆಗಳಲ್ಲಿ ಒಂದೆರಡು ಕಳಚಿಹೋಗಿದ್ದವು. ಹತ್ತಿರ ಹೋಗಿ ಒಂದು ಹುರುಪೆ ಮುಟ್ಟಿದೆ. ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ಬೆರಳಲ್ಲೇ ಪುಡಿಯಾಯಿತು. ಬೆಳ್ಳಿ ಬಣ್ಣ ಉದುರಿ ಒಳಗಿನ ಹಾಳೆ ಗಾಜಿನಂತಾಗಿತ್ತು. ಕಟ್ಟೆಯ ಸುತ್ತ, ಏರಿಯ ಇಳಿಜಾರಿನಲ್ಲಿ, ಬತ್ತಿದ ಕೆರೆಯ ಅಂಚಿನ ಹುಲ್ಲಿನಲ್ಲಿ ಬೆಳ್ಳಿ ಚೂರುಗಳು ಹರಡಿದ್ದವು. ಪೊಟ್ಟಣ ಇಡಿಯಾಗಿದ್ದಾಗ ಅದನ್ನು ಬಗ್ಗಿ ಎತ್ತಬಹುದಿತ್ತು. ಈಗ ಎತ್ತಲು ಉಗುರು ಕೂಡ ದೊಡ್ಡದಾಗುತ್ತಿತ್ತು. ಬಿಸಿಲಿಗೆ ಪ್ಲಾಸ್ಟಿಕ್ ಒಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಹಿತ್ತಲಲ್ಲಿ ಬಕೆಟ್ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ ಅದು. ಹೊಳಪು ನೋಡುವ ಭರದಲ್ಲಿ ಅದನ್ನು ಯೋಚಿಸುವ ಗೋಜಿಗೇ ನಾನು ಹೋಗಿರಲಿಲ್ಲ.

ಅಧ್ಯಕ್ಷರಿಗೆ ಫೋನ್ ಮಾಡಿದೆ. ತಂಡ ಬರುವ ಮೊದಲು ಮೇಲೊಂದು ವಾರ್ನಿಷ್ ಹೊಡೆಸಿ ಮೇಡಂ ಎಂದರು. ಅದಕ್ಕೂ ಪ್ರಯತ್ನಪಟ್ಟೆ. ಕೆಲವು ಹುರುಪೆಗಳನ್ನು ಬಿಚ್ಚಿ ತಂದು ಶೆಡ್ಡಿನಲ್ಲಿ ಬೇರೆಬೇರೆ ವಾರ್ನಿಷ್ ಬಳಿದು ನೋಡಿದೆ. ಒಂದು ಹಿಡಿಯಲೇ ಇಲ್ಲ, ಹಾಳೆಯಂತೆ ಸುಲಿದು ಬಂತು. ಇನ್ನೊಂದು ಹಿಡಿಯಿತು, ಆದರೆ ಕೆಳಗಿನ ಚೂರುಗಳನ್ನೂ ಅಂಟಿಸಿಕೊಂಡು ಬಗ್ಗಿಸಿದೊಡನೆ ಒಡೆಯಿತು. ಸತ್ತದ್ದರ ಮೇಲೆ ಮೆರುಗು ಹೊಡೆಯುವ ಕೆಲಸ ಅದು. ಮತ್ತೆ ಏರಿಗೆ ಹೋಗಿ, ಬಿದ್ದಿದ್ದ ಚೂರುಗಳನ್ನಾದರೂ ಗುಡಿಸೋಣ ಎಂದು ಕಡ್ಡಿ ಪೊರಕೆ ಹಿಡಿದು ನಿಂತಿದ್ದೆ.

ಆಗಲೇ ಆ ಹೆಂಗಸು ಕೂಗಿ ಕರೆದದ್ದು. ಕೆರೆಯಂಗಳದಲ್ಲಿ ಕುರಿ ಮೇಯಿಸುವವಳು; ಹಿಂದೆಯೂ ಕಂಡಿದ್ದೆ, ನಾವು ಮೀನು ನಿಲ್ಲಿಸುವ ದಿನ ದೂರದಲ್ಲಿ ಕೂತು ನೋಡುತ್ತಿದ್ದಳು, ಒಂದು ಮಾತೂ ಆಡಿರಲಿಲ್ಲ. ಅವಳ ಒಂದು ಕುರಿ ನೆಲಕ್ಕೆ ಬಿದ್ದಿತ್ತು. ಎಡ ಮಗ್ಗುಲು ಊದಿಕೊಂಡು ತಮಟೆಯ ಹಾಗಾಗಿತ್ತು. ಮೆಲುಕು ಹಾಕಿ ಮೂರ್ನಾಲ್ಕು ದಿನವಾಯಿತಂತೆ. ಎಣ್ಣೆ ಕುಡಿಸಿದ್ದಾಳೆ, ಬೇವು ಅರೆದು ಹಾಕಿದ್ದಾಳೆ, ಆಗಿಲ್ಲ. ನನ್ನ ಜೊತೆ ಗಾಡಿ ಇತ್ತು. ಕುರಿಯನ್ನು ಹಿಂದೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆವು.

ಅಲ್ಲಿದ್ದ ವೈದ್ಯರು ಹೊಟ್ಟೆ ಒತ್ತಿ, ಬಡಿದು, ಕಿವಿಗೊಟ್ಟು ಕೇಳಿ, ಕೊಯ್ದು ನೋಡಲೇಬೇಕು ಎಂದರು. ಬಲಮಗ್ಗುಲಾಗಿ ಮಲಗಿಸಿದರು. ಎಡಗಡೆಯ ಉಣ್ಣೆ ಬೋಳಿಸಿ, ಔಷಧ ಹಚ್ಚಿ, ಸುತ್ತಲೂ ಮರಗಟ್ಟುವ ಸೂಜಿ ಚುಚ್ಚಿದರು. ಸಹಾಯಕರು ರಜೆಯಲ್ಲಿದ್ದರು. ನಾನು ಗೋಡೆಗೆ ಆತು ನಿಂತಿದ್ದೆ. ಕುರಿಯವಳು ನನ್ನನ್ನು ಒಮ್ಮೆ ನೋಡಿ, "ಅಳಕ್ಕೆ ಬಂದಿದ್ದೀಯೋ, ಇಡ್ಕೊಳ್ಳಕ್ಕೆ ಬಂದಿದ್ದೀಯೋ? ಇಂಗ್ ಬಾ, ಕಾಲಿಡ್ಕೋ," ಎಂದಳು. ಹಿಡಿದುಕೊಂಡೆ.

ಚರ್ಮ, ಅದರ ಕೆಳಗಿನ ಸ್ನಾಯು, ಆಮೇಲೆ ಹೊಟ್ಟೆಯ ಚೀಲ. ಚೀಲವನ್ನು ಹೊರಗೆಳೆದು ಅಂಚನ್ನು ಚರ್ಮಕ್ಕೆ ಹೊಲಿದು ನಿಲ್ಲಿಸಿದರು, ಒಳಗಿನದು ಹೊಟ್ಟೆಯೊಳಗೆ ಚೆಲ್ಲಬಾರದೆಂದು. ಕೊಯ್ದೊಡನೆ ಬಂದ ವಾಸನೆಯನ್ನು ನಾನು ಮರೆಯುವಂತಿಲ್ಲ. ವೈದ್ಯರು ಮೊಣಕೈವರೆಗೆ ಕೈಗವಸು ಹಾಕಿಕೊಂಡು ಒಳಗೆ ತಡಕಿ ಒಂದು ಮುದ್ದೆಯನ್ನು ಎಳೆದರು. ಅದು ಸುಲಭವಾಗಿ ಬರಲಿಲ್ಲ. ಕವರು, ಹಗ್ಗ, ಕೂದಲು, ಹುಲ್ಲು ಎಲ್ಲ ಸುತ್ತಿಕೊಂಡು ಗಟ್ಟಿಯಾದ ಮುದ್ದೆ, ಬಿಡಿಸಿದಷ್ಟೂ ಬಂತು. ತೊಟ್ಟಿಗೆ ಹಾಕಿ ನಲ್ಲಿ ಬಿಟ್ಟರು. ಕಪ್ಪು ನೀರು ಹೋಗಿ ಬಣ್ಣಗಳು ಕಾಣತೊಡಗಿದವು.

ಮುದ್ದೆಯ ಹೊರಗಡೆಯೇ ಒಂದು ಜಡೆಯಿತ್ತು. ಕರಿ, ಹಳದಿ, ಇನ್ನೊಂದು ಗುಟ್ಕಾ ಚೀಟಿನ ಎಳೆ. ಮೂರೆಳೆ. ತುದಿಯಲ್ಲಿ ಒಂದು ಎಳೆಯನ್ನು ಹಿಂದಕ್ಕೆ ತಿರುಗಿಸಿ ಒಳಗೆ ತೂರಿಸಿ ಬಿಗಿದಿತ್ತು. ಅಷ್ಟು ದಿನ ಹೊಟ್ಟೆಯಲ್ಲಿ ಇದ್ದರೂ ಬಿಚ್ಚಿಕೊಂಡಿರಲಿಲ್ಲ. ಒಳ್ಳೆಯ ಗಂಟು.

ಇದು ನನ್ನದು ಎಂದೆ. ವೈದ್ಯರು ತಲೆ ಎತ್ತದೆ, ಈ ಮುದ್ದೆ ಒಂದೆರಡು ತಿಂಗಳದ್ದಲ್ಲ, ಬಹಳ ಕಾಲದಿಂದ ಕೂಡಿಕೊಂಡಿದೆ, ಈ ಜಡೆ ಆಮೇಲೆ ಸೇರಿರಬೇಕು ಎಂದರು. ಸಮಾಧಾನ ಹೇಳಿದರೋ ಇದ್ದದ್ದನ್ನು ಹೇಳಿದರೋ ತಿಳಿಯಲಿಲ್ಲ. ಕುರಿಯವಳಿಗೆ ಅದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ.

"ನಿಂದೋ ಇನ್ನೊಬ್ರುದೋ, ಅದ್ಕೇನ್ ಗೊತ್ತವ್ವ. ತಿಂದದೆ. ಈಗ ಒಲ್ಗೆ ಆಕ್ಲಿ ಬುಡು, ಮಾತಾಡ್ಸ್ಬೇಡ ಅವ್ರ್‌ನ."

ಹೊಲಿಗೆ ಮುಗಿಯಿತು. ಕುರಿ ಸಂಜೆಯ ಹೊತ್ತಿಗೆ ತಲೆ ಎತ್ತಿತು. ವಾಪಸು ಬರುವಾಗ ಅವಳು ಗಾಡಿಯ ಹಿಂದೆ ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಆ ಮೀನನ್ನು ಮೊದಲೇ ತೆಗೆಯಿರಿ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. ದೊಡ್ಡವರೆಲ್ಲ ಬಂದು ಚಪ್ಪಾಳೆ ತಟ್ಟಿ ನಿಲ್ಲಿಸಿದ್ದನ್ನು ಕುರಿ ಕಾಯೋಳು ತೆಗೀರಿ ಅಂದ್ರೆ ತೆಗೀತಿದ್ರಾ ಎಂದು ಕೇಳಿದಳು.

ಮರುದಿನ ಅಧ್ಯಕ್ಷರನ್ನು ಕಂಡು ಎಲ್ಲವನ್ನೂ ಹೇಳಿದೆ. ಜಡೆಯನ್ನು ತೊಳೆದು ಒಯ್ದಿದ್ದೆ. ಮೇಜಿನ ಮೇಲೆ ಇಟ್ಟೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಬಹಳ ಕಾಲದ ಮುದ್ದೆ ಎಂದು ವೈದ್ಯರೇ ಹೇಳಿದ್ದಾರಲ್ಲ ಎಂಬುದನ್ನು ನನ್ನ ಮಾತಿನಿಂದಲೇ ಹೆಕ್ಕಿಕೊಂಡರು. ಕೆರೆಯಂಗಳದಲ್ಲಿ ಕುರಿ ಮೇಯಿಸುವುದೇ ತಪ್ಪು, ಅದನ್ನು ನಿಲ್ಲಿಸಲು ಸಮಿತಿ ಒಂದು ಬೋರ್ಡು ಹಾಕಿಸಲಿದೆ ಎಂದರು. ಬೋರ್ಡು ಯಾವುದರದ್ದು ಎಂದು ಕೇಳಿದೆ. ಫ್ಲೆಕ್ಸಿನದಂತೆ.

"ತಂಡ ಬಂದು ಹೋಗೋವರೆಗೆ ಸುಮ್ನಿರಿ ಮೇಡಂ. ಒಂದು ಕುರಿಗೋಸ್ಕರ ಇಡೀ ತಾಲ್ಲೂಕಿನ ಹೆಸರು ಕೆಡಿಸ್ತೀರಾ? ನಿಮ್ಮ ಹೆಸರೂ ಹೋಗುತ್ತೆ."

ಮನೆಗೆ ಬಂದು ಒಂದು ದಿನವಿಡೀ ಯೋಚಿಸಿದೆ ಎಂದು ಬರೆದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ನಿಜವಾಗಿ ನಾನು ಲೆಕ್ಕ ಹಾಕಿದ್ದು ತಂಡ ಬರುವವರೆಗೆ ಎಷ್ಟು ಚೂರು ಉದುರಬಹುದು, ಗುಡಿಸಿದರೆ ಸಾಲದೇ, ಕೆಳಗೆ ಒಂದು ಬಲೆ ಕಟ್ಟಿದರೆ ಹೇಗೆ ಎಂದು. ಪ್ರಶಸ್ತಿ ನನಗೂ ಬೇಕಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು. ಮುಂಗಾರಿಗೆ ಮೊದಲು ಬರುವ, ಅಂಗಳದ ಬಟ್ಟೆ ಹಾರಿಸುವ ಗಾಳಿ. ನಾನು ವಾರ್ನಿಷ್ ಬಳಿದು ಕಿಟಕಿಯ ಬಳಿ ಇಟ್ಟಿದ್ದ ಹುರುಪೆಗಳು ಶೆಡ್ಡಿನ ತುಂಬ ಚೂರುಚೂರಾಗಿ ಹಾರಿದವು. ಆನೆಯ ಅಚ್ಚಿನಲ್ಲಿ, ನೀರಿನ ಕೊಡದಲ್ಲಿ, ನನ್ನ ಊಟದ ಡಬ್ಬಿಯಲ್ಲಿ. ಡಬ್ಬಿಯ ಅನ್ನವನ್ನು ಚೆಲ್ಲಿದೆ. ಮಳೆ ಬಂದರೆ ಏರಿಯ ಮೇಲಿರುವುದೆಲ್ಲ ಕೆರೆಗೆ ಇಳಿಯುತ್ತದೆ. ವೆಲ್ಡರಿಗೆ ಫೋನ್ ಮಾಡಿ ಕಟಿಂಗ್ ಮೆಷಿನ್ ತಗೊಂಡು ಬಾ ಎಂದೆ.

ಕೀಳುವುದು ಕಟ್ಟುವುದಕ್ಕಿಂತ ಕಷ್ಟವಾಯಿತು. ಮುಟ್ಟಿದರೆ ಪುಡಿಯಾಗುವುದನ್ನು ಉದುರದಂತೆ ತೆಗೆಯಬೇಕು. ಕೆಳಗೆ ಮತ್ತೆ ಪ್ಲಾಸ್ಟಿಕ್ ಟಾರ್ಪಾಲು ಹಾಸಲು ನನಗೆ ಮನಸ್ಸಾಗಲಿಲ್ಲ, ಗೋಣಿ ತಾಟುಗಳನ್ನು ಹೊಲಿದು ಹಾಸಿದೆವು. ಗಾಳಿ ಮಲಗಿರುವ ಬೆಳಗಿನ ಹೊತ್ತಿನಲ್ಲೇ ಕೆಲಸ. ಔಷಧ ಹೊಡೆಯುವ ಪಂಪಿನಿಂದ ಮೊದಲು ಮೀನನ್ನು ನೀರಿನಲ್ಲಿ ತೋಯಿಸುವುದು, ಒದ್ದೆ ಇರುವಾಗಲೇ ತಲೆಯ ಕಡೆಯಿಂದ ದಾರ ಕತ್ತರಿಸಿ ಹುರುಪೆಗಳನ್ನು ಸಾಲುಸಾಲಾಗಿ ಚೀಲಕ್ಕೆ ಇಳಿಸುವುದು. ಒಣಗತೊಡಗಿದರೆ ಮತ್ತೆ ನೀರು. ಒಳಗಿನ ಗಂಟುಗಳಿಗೆ ನಾನು ಮತ್ತೆ ಅದರ ಹೊಟ್ಟೆಯೊಳಗೆ ಹೋಗಿ ಕೂತೆ.

ಊರಿನವರು ನೆರೆದರು. ನಮ್ಮ ಕೆರೆ ಮೀನನ್ನು ಕೀಳಲು ನೀನು ಯಾರು ಎಂದು ಕೆಲವರು ಜೋರು ಮಾಡಿದರು. ಮೀನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೇ ಅವರು. ಬೆಳ್ಳಿ ಚೂರು ಅವರ ಅಂಗಳಕ್ಕೂ ಹಾರಿತ್ತು, ಅದರ ಬಗ್ಗೆ ಒಬ್ಬನೂ ಉಸಿರೆತ್ತಿರಲಿಲ್ಲ. ಅಧ್ಯಕ್ಷರು ಮೈಸೂರಿನಿಂದ ಕಾರು ಓಡಿಸಿಕೊಂಡು ಬಂದರು. ಇದು ಸಮಿತಿಯ ಆಸ್ತಿ, ದೂರು ಕೊಡುತ್ತೇನೆ ಎಂದರು. ಆಸ್ತಿಯಾದರೆ ಈ ಚೀಲಗಳನ್ನು ನಿಮ್ಮ ಮನೆಗೇ ಕಳಿಸುತ್ತೇನೆ, ವಿಳಾಸ ಕೊಡಿ ಎಂದೆ. ವೆಲ್ಡರು ಏಣಿಯ ಮೇಲಿಂದ, "ಕಾರಿನ್ ಡಿಕ್ಕಿ ತೆಗೀರಿ ಸಾ, ಈಗ್ಲೇ ಆಕ್ಬುಡ್ತೀನಿ," ಎಂದ. ಅವರು ಸ್ವಲ್ಪ ಹೊತ್ತು ಯಾರಿಗೋ ಫೋನ್ ಮಾಡುತ್ತ ರಸ್ತೆಯ ಬದಿಯಲ್ಲಿ ಅಡ್ಡಾಡಿದರು. ಯಾರೂ ಬರಲಿಲ್ಲ. ಆಮೇಲೆ ಅವರೂ ಇರಲಿಲ್ಲ.

ಕೊನೆಗೆ ಸರಳು ಮತ್ತು ಜಾಲರಿಯ ಅಸ್ಥಿಪಂಜರ ಉಳಿಯಿತು. ಅದನ್ನು ಕತ್ತರಿಸಿ ಗುಜರಿಗೆ ಹಾಕೋಣ ಎನ್ನುವಾಗ ಕುರಿಯವಳು ಏರಿ ಹತ್ತಿ ಬಂದಳು. ಮೀನಿನ ಹೊಟ್ಟೆಯನ್ನು ಕೈಯಿಂದ ಅಲುಗಿಸಿ ನೋಡಿದಳು.

"ಈ ಒಟ್ಟೆ ಭಾಗ ಮಾತ್ರ ಕುಯ್ದ್ ಕೊಡಪ್ಪ. ಬೋರ್ಲಾಕುದ್ರೆ ಮರಿ ಕೂಡಕ್ಕೆ ಆಯ್ತದೆ. ನಾಯಿ ಕಾಟ."

ವೆಲ್ಡರು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅಷ್ಟು ಶ್ರದ್ಧೆಯಿಂದ ಅವನು ಯಾವ ಆಕೃತಿಯನ್ನೂ ಕತ್ತರಿಸಿದ್ದನ್ನು ನಾನು ನೋಡಿಲ್ಲ. ಮರಿಗಳಿಗೆ ಚುಚ್ಚದಿರಲಿ ಎಂದು ಸರಳಿನ ತುದಿಗಳನ್ನೆಲ್ಲ ಉಜ್ಜಿ ನುಣುಪು ಮಾಡಿಕೊಟ್ಟ. ಅವಳು ಮಗನನ್ನು ಕರೆಸಿ ಹೊರಿಸಿಕೊಂಡು ಹೋದಳು. ವಂದನೆ ಗಿಂದನೆ ಏನೂ ಹೇಳಲಿಲ್ಲ. ಕುರಿ ಹೇಗಿದೆ ಎಂದು ಕೇಳಿದ್ದಕ್ಕೆ, ಮೇಯ್ತಾ ಅದೆ ಎಂದಳು.

ಇನ್ನು ಚೀಲಗಳು. ಗುಜರಿ ಸಾಹೇಬರ ಹತ್ತಿರ ಒಯ್ದೆ. ಅವರು ನಗಲೂ ಇಲ್ಲ.

"ಮೊದ್ಲು ಗಟ್ಟಿ ಇದ್ದಾಗ್ಲೇ ಬೇಕಾರ್ ಅಂದಿದ್ದೆ. ಈಗ ಪುಡಿ ತಂದಿದ್ದೀರಲ್ಲ ಆಪಾ."

ಪಟ್ಟಣದ ಒಣಕಸದ ಶೆಡ್ಡಿಗೆ ಹೋದೆ. ಇದು ಹಳ್ಳಿಯ ಕಸ, ಪಟ್ಟಣದ್ದಲ್ಲ ಎಂದರು. ಊರಿನ ಪಂಚಾಯಿತಿಗೆ ಹೋದೆ. ಅಲ್ಲಿದ್ದವರು ಬಹಳ ಯೋಚಿಸಿ, ಇದನ್ನು ಕಲಾಕೃತಿ ಎಂದು ಉದ್ಘಾಟನೆ ಮಾಡಿ ಆಗಿದೆಯಲ್ಲ ಮೇಡಂ, ಕಸ ಅಂತ ಹೇಗೆ ತೆಗೆದುಕೊಳ್ಳುವುದು ಎಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಸುಡಿ ಎಂದು ಸಲಹೆ ಕೊಟ್ಟವರು ಬೇಕಾದಷ್ಟು ಜನ. ಊರಾಚೆ ಹಳ್ಳಕ್ಕೆ ಹಾಕಿ, ಯಾರಿಗೂ ಗೊತ್ತಾಗಲ್ಲ ಎಂದವರು ಇನ್ನೂ ಹೆಚ್ಚು.

ಚೀಲಗಳು ಈಗ ನನ್ನ ಶೆಡ್ಡಿನ ಒಳಕೋಣೆಯಲ್ಲಿವೆ. ಬಿಸಿಲು ಬೀಳದ ಜಾಗ. ಇಲಿ ಕಡಿದರೆ ಚೀಲ ಬದಲಿಸುತ್ತೇನೆ, ಉದುರಿದ್ದನ್ನು ಗುಡಿಸಿ ಮತ್ತೆ ತುಂಬುತ್ತೇನೆ. ಮಾಲಿನ್ಯದ ವಿರುದ್ಧ ನಾನು ಮಾಡಿದ ಕೆಲಸ ಏನಾದರೂ ಇದ್ದರೆ ಅದು ಇದೊಂದೇ. ಒಂದು ಕೋಣೆಯಷ್ಟು ಕಸ ಹೊರಗೆ ಹೋಗದಂತೆ ಬಾಗಿಲು ಹಾಕಿ ಕೂತಿದ್ದೇನೆ. ಅದನ್ನು ನೋಡಲು ಯಾವ ತಂಡವೂ ಬಂದಿಲ್ಲ.

ಮೊನ್ನೆ ಅಧ್ಯಕ್ಷರು ಫೋನ್ ಮಾಡಿದ್ದರು. ಹಳೆಯದನ್ನೆಲ್ಲ ಮರೆತುಬಿಡೋಣ ಎಂದರು. ಈ ಸಲ ಇನ್ನೊಂದು ಕೆರೆ, ಇನ್ನೊಂದು ಸಮಿತಿ, ಆದರೆ ಅಧ್ಯಕ್ಷರು ಅವರೇ. ಹಂಸವೇ ಆಗಬೇಕಂತೆ. ಆಗಲಿ, ಮಾಡುತ್ತೇನೆ, ಆದರೆ ಬಯಲಿನಲ್ಲಿ ಅಲ್ಲ, ಗಾಜಿನ ಪೆಟ್ಟಿಗೆಯೊಳಗೆ ನೆರಳಿನಲ್ಲಿ. ಮತ್ತು ನನ್ನ ಕೋಣೆಯಲ್ಲಿರುವ ಚೀಲಗಳನ್ನೇ ಬಳಸುತ್ತೇನೆ, ಬೇರೆ ಒಂದು ಪೊಟ್ಟಣವನ್ನೂ ಮುಟ್ಟುವುದಿಲ್ಲ ಎಂದೆ.

"ಅದು ಹಳೇದಲ್ವಾ ಮೇಡಂ," ಎಂದರು. "ಹೊಸದಾಗಿ ಕಲೆಕ್ಟ್ ಮಾಡಿಸ್ತೀನಿ ಬಿಡಿ."